ನಾಲಿಗೆಗೆ ಒಂದೇ ಸಲ

ಅಸಾಧ್ಯ. ಅಸಾಧ್ಯ. ಅಸಾಧ್ಯ. ನೋಡಿ, ಮೂರು ಸಲ ಅಂದೆ, ಏನೂ ಆಗಲಿಲ್ಲ. ನನ್ನದು ಖರ್ಚಾಗಿ ಹನ್ನೊಂದು ವರ್ಷ ಆಯ್ತು, ಅದಕ್ಕೇ ಇಷ್ಟು ಧಾರಾಳವಾಗಿ ಅಂತಾ ಇದೀನಿ. ಇನ್ನೂ ಉಳಿಸಿಕೊಂಡಿರೋರು ನಮ್ಮೂರಲ್ಲಿ ಈ ಪದವನ್ನ ಬಾಯಿಗೆ ತರೋದಿಲ್ಲ. 'ಆ ಮಾತು' ಅಂತಾರೆ, ಅಷ್ಟು ಅಂದದ್ದಕ್ಕೂ ತುಟಿ ಒರೆಸಿಕೊಳ್ತಾರೆ. ಸ್ಕೂಲಿನ ಪದಕೋಶದಲ್ಲಿ ಆ ಪುಟವನ್ನೂ ಅದರ ಪಕ್ಕದ ಪುಟವನ್ನೂ ಅನ್ನದ ಗಂಜಿ ಹಚ್ಚಿ ಅಂಟಿಸಿಬಿಟ್ಟಿದ್ದಾರೆ. ಹೊರಗಿನಿಂದ ಬಂದ ಮೇಷ್ಟ್ರೊಬ್ಬರು ಅದನ್ನ ಬಿಡಿಸೋಕೆ ಹೋಗಿ ಊರಿನವರ ಕೈಲಿ ಬೈಸಿಕೊಂಡರು.

ಒಬ್ಬೊಬ್ಬರ ನಾಲಿಗೆಗೆ ಒಂದೇ ಸಲ. ಮನಸ್ಸಿಟ್ಟು, ಗಟ್ಟಿಯಾಗಿ, ಇಂಥದ್ದು ಆಗೋದು ಅಸಾಧ್ಯ ಅಂದರೆ ಮುಗೀತು, ಅದು ಇನ್ನು ಆಗೋದೇ ಇಲ್ಲ. ಹೊಡೆದು ಬಡಿದು ಆಡಿಸಿದರೆ ಹಿಡಿಯೋದಿಲ್ಲ, ತಾನಾಗಿ ಬರಬೇಕು. ಹಾಗಾಗಿ ನಮ್ಮಲ್ಲಿ ಹುಡುಗಿ ನೋಡೋಕೆ ಬಂದವರು ಹಾಡು ಬರುತ್ತಾ ಅಂತ ಕೇಳಲ್ಲ, ಮಾತು ಉಳಿದಿದೆಯಾ ಅಂತ ಕೇಳ್ತಾರೆ. ಎಲ್ಲರೂ ಉಳಿದಿದೆ ಅಂತಲೇ ಹೇಳ್ತಾರೆ. ನಿಜ ಹೇಳಬೇಕಂದರೆ ಬಹಳ ಜನ ಹನ್ನೆರಡು ತುಂಬೋದರೊಳಗೆ ಯಾವುದೋ ಹುಡುಗಾಟಕ್ಕೆ ಕಳಕೊಂಡಿರ್ತಾರೆ.

ನಮ್ಮೂರಲ್ಲಿ ಹಾಲು ಉಕ್ಕೋದಿಲ್ಲ. ನಾನು ಹುಟ್ಟೋಕೆ ಮುಂಚೆ ಯಾವನೋ ಪುಣ್ಯಾತ್ಮ ಹಾಲು ಉಕ್ಕೋದು ಅಸಾಧ್ಯ ಅಂದುಬಿಟ್ಟಿದಾನೆ, ಯಾರು ಅಂತ ಗೊತ್ತಿಲ್ಲ. ಎಷ್ಟೇ ಉರಿ ಹಾಕಿ, ಪಾತ್ರೆ ಕಂಠದ ತನಕ ಬಂದು ಹಾಗೇ ಇಳಿದುಬಿಡುತ್ತೆ. ಹೊಸ ಮನೆ ಒಕ್ಕಲು ಮಾಡೋರು ಸ್ಟವ್ವು, ಪಾತ್ರೆ, ಪುರೋಹಿತರು, ಎಲ್ಲವನ್ನೂ ಆಟೋದಲ್ಲಿ ತುಂಬಿಕೊಂಡು ಸೇತುವೆ ದಾಟಿ, ಆಚೆ ದಡದಲ್ಲಿ ಹಾಲು ಉಕ್ಕಿಸಿಕೊಂಡು ಬರ್ತಾರೆ. ಇನ್ನು ಮೂಲೆಮನೆ ಅಜ್ಜ ಇದಾನೆ. ಅವನ ಹೆಂಡತಿ, ನನ್ನ ಗಂಡ ಸಾಯೋದು ಅಸಾಧ್ಯ ಅಂದಿದ್ದಳಂತೆ. ಅವಳು ಹೋಗಿ ನಲವತ್ತು ವರ್ಷ ಆಯ್ತು. ಅವನು ಹಗ್ಗದ ಮಂಚದ ಮೇಲೆ ಒಣಗಿದ ಹೀರೇಕಾಯಿ ಹಾಗೆ ಬಿದ್ದುಕೊಂಡು, ದಾರೀಲಿ ಹೋಗೋರನ್ನೆಲ್ಲ ಕರೆದು, ನನ್ನ ಕಳಿಸಿಕೊಡ್ರಪ್ಪಾ ಅಂತಾನೆ. ಕಳಿಸೋದು ಯಾರ ಕೈಲೂ ಇಲ್ಲ. ಅವತ್ತಿಂದ ಸಾವಿನ ವಿಷಯಕ್ಕೆ ಆ ಮಾತು ಬಳಸಬಾರದು ಅಂತ ಊರಿನ ಕಟ್ಟು.

ನಾನು ದ್ಯಾಮಕ್ಕ. ಪೇಟೆ ಬೀದಿಯ ಹಿಟ್ಟಿನ ಗಿರಣಿ ನನ್ನದು, ಮನೆಯೂ ಅದರ ಪಕ್ಕಕ್ಕೇ ಅಂಟಿಕೊಂಡಿದೆ. ಗಂಡ ಇಲ್ಲ, ಮಕ್ಕಳಿಲ್ಲ. ಗಿರಣಿ ಸದ್ದಲ್ಲಿ ಕೂಗಿ ಕೂಗಿ ನನ್ನ ಗಂಟಲು ಹೀಗಾಗಿದೆ, ಜಗಳ ಆಡ್ತಾಳೆ ಅಂತ ಜನ ಅಂದ್ಕೊಳ್ತಾರೆ. ಜಗಳಾನೂ ಆಡ್ತೀನಿ ಅನ್ನಿ. ನಲವತ್ತೊಂದು ವರ್ಷ ನಾನು ನನ್ನ ಮಾತನ್ನ ಉಳಿಸಿಕೊಂಡಿದ್ದೆ. ಗಂಡ ಕುಡಿದು ಬಂದಾಗಲೂ ಆಡಲಿಲ್ಲ. ಕೊನೆಗೆ ಅದನ್ನ ಖರ್ಚು ಮಾಡಿದ್ದು ನನ್ನ ತಮ್ಮನ ಮೇಲೆ.

ನನ್ನ ತಮ್ಮ ಓಬ, ಆಗ ನಾಟಕದ ಕಂಪನಿ ಸೇರಿಕೊಂಡು ಊರೂರು ಅಲೀತಿದ್ದ. ಅವ್ವ ಹಾಸಿಗೆ ಹಿಡಿದಳು. ಓಬ ಬಂದನಾ, ಓಬ ಬಂದನಾ, ಅದೊಂದೇ ಜಪ. ಎದುರಿನ ಸೈಕಲ್ ಶಾಪಿನ ಚೌಡಪ್ಪ, "ಕಂಪನಿ ಕ್ಯಾಂಪು ಹದಿನೈದು ಮೈಲಿ ಅಷ್ಟೇ ಕಣಕ್ಕಾ, ನಾನೇ ಹೋಗಿ ಹೇಳಿ ಬರ್ತೀನಿ" ಅಂತ ಹೊರಟ. ಸಂಜೆ ಒಬ್ಬನೇ ವಾಪಸ್ ಬಂದು, "ಹೇಳಿದೀನಿ, ಬರ್ತಾನಂತೆ" ಅಂದ. ಅವ್ವ ಎರಡು ದಿನ ಬಾಗಿಲ ಮೇಲೇ ಕಣ್ಣು ನೆಟ್ಟು, ಹಾಗೇ ಹೋದಳು. ಬೆಂಕಿ ಇಡೋಕೂ ಮಗ ಇರಲಿಲ್ಲ. ಮೂರನೇ ದಿನ ಬಂದ ನೋಡಿ ಮಹಾರಾಯ, ಕೈಲಿ ಬಾಳೆಹಣ್ಣಿನ ಚಿಪ್ಪು, ಕಿವಿ ಹಿಂದೆ ಇನ್ನೂ ಬಣ್ಣ, ಬಾಯಲ್ಲಿ ರಂಗಗೀತೆ. "ಅವ್ವಾ" ಅಂತ ಕೂಗ್ತಾ ಹೊಸಿಲಿಗೆ ಕಾಲೆತ್ತಿದ. ನನಗೆ ಅದೇನಾಯ್ತೋ. "ನೀನು ನನ್ನ ಮನೆ ಹೊಸಿಲು ದಾಟೋದು ಅಸಾಧ್ಯ!" ಅಂದೆ.

ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು. ಮುಂದಕ್ಕೆ ಇಡೋಕೆ ನೋಡಿದ, ಆಗಲಿಲ್ಲ. "ಅಕ್ಕಾ, ನಂಗ್ಯಾರೂ ಹೇಳಲೇ ಇಲ್ಲ" ಅಂದ. ಸುಳ್ಳುಬುರುಕ ಅಂತ ಮುಖದ ಮೇಲೆ ಬಾಗಿಲು ಹಾಕಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ಬೇರೆ ಊರಿನೋರಿಗೆ ಅದು ಗಾದೆ, ನಮಗೆ ದಿನದ ಬದುಕು.

ಓಬ ಮತ್ತೆ ಕಂಪನಿಗೆ ಹೋಗಲಿಲ್ಲ. ಊರಲ್ಲೇ ಬಾವಿ ಹೂಳು ಎತ್ತೋ ಕೆಲಸ ಹಿಡಿದ. ಚೌಡಪ್ಪ ತನ್ನ ಶಾಪಿನ ಹಿಂದಿನ ಶೆಡ್ಡಲ್ಲಿ ಮಲಗೋಕೆ ಜಾಗ ಕೊಟ್ಟ, ದಿನಾ ಬೆಳಗ್ಗೆ ಟೀ ಕೊಡಿಸ್ತಿದ್ದ. ಎಂಥ ದೊಡ್ಡ ಮನಸ್ಸು ಈ ಚೌಡಪ್ಪಂದು ಅಂತ ನಾನೇ ಎಷ್ಟು ಸಲ ಹೊಗಳಿದೀನೋ. ಓಬ ಆ ಟೀ ಹಿಡಕೊಂಡು ಶಾಪಿನ ಮುಂದಿನ ಬೆಂಚಿನ ಮೇಲೆ, ನನ್ನ ಬಾಗಿಲಿಗೆ ಎದುರಾಗಿ ಕೂರ್ತಿದ್ದ. ಹನ್ನೊಂದು ವರ್ಷ ದಿನಾ ಅದೇ ಬೆಂಚು. ನನ್ನ ಕಣ್ಣಿಗೆ ಮುಳ್ಳಾಗೋಕೇ ಕೂರ್ತಾನೆ ಅಂತ ನಾನು ನೋಡದ ಹಾಗೆ ಒಳಗೆ ಹೋಗ್ತಿದ್ದೆ. ಒಳಗೆ ಹೋದ ಮೇಲೆ ಕಿಟಕಿ ಸಂದಿಯಿಂದ ಇಣುಕಿ ನೋಡ್ತಿದ್ದೆ, ಅದು ಬೇರೆ ವಿಷಯ. ಸಿಟ್ಟಲ್ಲಿ ಕುಯ್ದ ಮೂಗು ಶಾಂತಿಯಲ್ಲಿ ಬರುತ್ತಾ?

ಹೋದ ಮಂಗಳವಾರ ಬೆಳಗ್ಗೆ ಹತ್ತು ಗಂಟೆ ಇರಬೇಕು, ರಾಗಿ ಹಾಕಿದ್ದೆ. ಚೌಡಪ್ಪ ಓಡಿ ಬಂದು ಏನೋ ಕೂಗ್ತಿದಾನೆ, ಬಾಯಿ ಅಲ್ಲಾಡೋದು ಮಾತ್ರ ಕಾಣುತ್ತೆ. ಮೋಟಾರು ಆರಿಸಿದೆ. ಕಲ್ಲು ತಿರುಗಿ ತಿರುಗಿ ನಿಲ್ಲೋ ಹೊತ್ತಿಗೆ ಅವನ ಮಾತು ಕೇಳಿಸಿತು. "ಹಿತ್ತಲ ಬಾವಿ ಕುಸೀತು ದ್ಯಾಮಕ್ಕ. ಓಬ ಒಳಗಿದಾನೆ."

ನಮ್ಮ ಬೀದಿ ಹಿಂದೆ ಒಂದು ಹಳೇ ಬಾವಿ ಇದೆ, ಬೇಸಿಗೆಗೆ ಮುಂಚೆ ಹೂಳು ತೆಗೆಸೋಣ ಅಂತ ಅವನನ್ನ ಇಳಿಸಿದ್ದರು. ಹಿಟ್ಟಿನ ಕೈಯಲ್ಲೇ ಓಡಿದೆ. ಬಾವಿಯ ಕಲ್ಲುಗೋಡೆಯ ಒಂದು ಮಗ್ಗುಲು ಪೂರ್ತಿ ಜಾರಿ ಒಳಗೆ ಬಿದ್ದಿತ್ತು. ಬಗ್ಗಿ ನೋಡಿದೆ. ಮೂವತ್ತು ಅಡಿ ಕೆಳಗೆ, ಒಂದು ಚಪ್ಪಡಿ ಓರೆಯಾಗಿ ನಿಂತು ಅದರ ಸಂದಿಯಲ್ಲಿ ನನ್ನ ತಮ್ಮನ ತಲೆ, ಭುಜ ಕಂಡವು. ಕಾಲು ಕಲ್ಲಿನಡಿ ಸಿಕ್ಕಿದೆ. ಎಲ್ಲೋ ಸೆಲೆ ಒಡೆದು ನೀರು ಬರ್ತಿದೆ, ಆಗಲೇ ಸೊಂಟದ ಮಟ್ಟ. ಗಾರೆ ಕೆಲಸದ ಇಬ್ಬರು ಹಗ್ಗ ಕಟ್ಟಿಕೊಂಡು ಇಳಿದರು. ನಾಲ್ಕು ಅಡಿ ಇಳಿದಿರಲಿಲ್ಲ, ಮೇಲಿಂದ ತೆಂಗಿನಕಾಯಿ ಗಾತ್ರದ ಕಲ್ಲು ಜಾರಿ ಒಬ್ಬನ ಕಿವಿ ಸವರಿಕೊಂಡು ಹೋಯ್ತು. ಇಬ್ಬರನ್ನೂ ಎಳೆದು ಮೇಲೆ ಹಾಕಿದರು. ಮಣ್ಣು ಇನ್ನೂ ಸುರೀತಾನೇ ಇತ್ತು. ಕುಸಿಯೋದು ನಿಲ್ಲೋ ತನಕ ಯಾರೂ ಇಳಿಯೋ ಹಾಗಿಲ್ಲ, ಅದು ನಿಲ್ಲೋ ತನಕ ನೀರು ಕಾಯೋದಿಲ್ಲ.

ಅಲ್ಲಿದ್ದ ಎಲ್ಲರಿಗೂ ಏನು ಬೇಕು ಅಂತ ಗೊತ್ತಿತ್ತು. ಯಾರಾದರೂ ಒಬ್ಬರು ಬಾಯಿಬಿಟ್ಟು, ಈ ಬಾವಿ ಇನ್ನು ಕುಸಿಯೋದು ಅಸಾಧ್ಯ ಅಂದರೆ ಸಾಕು. ನಾನೇ ಅಂದೆ. ಹುಚ್ಚಿ ಹಾಗೆ ಮೂರು ಸಲ, ಐದು ಸಲ, ಗಂಟಲು ಹರಿಯೋ ಹಾಗೆ ಅಂದೆ. ಖಾಲಿ ಡಬ್ಬಿ ಬಡಿದ ಹಾಗಾಯ್ತು. ನನ್ನದನ್ನ ಯಾರ ಮೇಲೆ ಖರ್ಚು ಮಾಡಿದ್ದೆನೋ ಅವನೇ ಕೆಳಗಿದ್ದ.

"ಯಾರ ಹತ್ರ ಇದೆ? ಹೇಳ್ರೋ, ಯಾರ ಹತ್ರ ಉಳಿದಿದೆ?" ಅಂತ ಸುತ್ತ ತಿರುಗಿದೆ. ನಲವತ್ತು ಜನ ಇದ್ದರು. ಗಂಡಸರು ನೆಲ ನೋಡಿದರು. ಮಕ್ಕಳ ಜೊತೆ ಬಂದಿದ್ದ ತಾಯಂದಿರು ಮಕ್ಕಳ ಬಾಯಿ ಮೇಲೆ ಕೈ ಇಟ್ಟು, ಮೆಲ್ಲಗೆ ಹಿಂದಕ್ಕೆ ಸರಿದು, ಮನೆ ಕಡೆ ನಡೆದರು. ನಾನು ಅವರನ್ನ ಬೈಯಲ್ಲ. ಆ ಮಕ್ಕಳಿಗೆ ಇನ್ನೂ ಬದುಕು ಪೂರ್ತಿ ಇದೆ, ಏನೇನು ಕಾದಿದೆಯೋ ಯಾರಿಗೆ ಗೊತ್ತು. ನನ್ನ ಹೊಟ್ಟೇಲಿ ಒಂದು ಹುಟ್ಟಿದ್ದರೆ ನಾನೂ ಹಾಗೇ ಎಳಕೊಂಡು ಹೋಗ್ತಿದ್ದೆ.

ಆಗ ಮುರಿಗೆಪ್ಪನೋರು ಬಂದರು. ಪೇಟೆ ಬೀದಿಯ ಯಜಮಾನರು, ಎಪ್ಪತ್ತು ವರ್ಷ, ಇಷ್ಟು ದಪ್ಪ ಮೀಸೆ. ಅವರ ಮಾತು ಇನ್ನೂ ಉಳಿದಿದೆ ಅಂತ ಊರಿಗೆ ಊರೇ ಹೆದರ್ತಿತ್ತು. ಯಾವ ಪಂಚಾಯ್ತಿಯಲ್ಲಾದರೂ ಅವರು, "ನನ್ನ ಬಾಯಲ್ಲಿ ಆ ಮಾತು ಬರಿಸಬೇಡಿ" ಅಂದರೆ ಎದುರಿನವನು ಅಲ್ಲೇ ತಣ್ಣಗಾಗ್ತಿದ್ದ. ನಾನು ಅವರ ಕಾಲು ಹಿಡಿದೆ. "ಯಜಮಾನ್ರೇ, ನನ್ನ ತಮ್ಮನ್ನ ಉಳಿಸಿಕೊಡಿ." ಅವರ ಮುಖ ಬಿಳಿಚಿತು. ಶಲ್ಯ ಸರಿ ಮಾಡಿಕೊಂಡರು, ಬಾವಿ ಹತ್ತಿರ ಹೋದರು, ಎರಡೂ ಕೈ ಎತ್ತಿ ಗುಡುಗಿದ ಹಾಗೆ, "ಈ ಬಾವಿ ಇನ್ನು ಕುಸಿಯೋದು ಅಸಾಧ್ಯ!" ಅಂದರು.

ಎಲ್ಲರೂ ಉಸಿರು ಹಿಡಿದೆವು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ದಡದಡ ಅಂತ ಇನ್ನಷ್ಟು ಕಲ್ಲು ಬಿತ್ತು. ಕೆಳಗಿಂದ ಓಬ ಕಿರುಚಿದ.

ಮುರಿಗೆಪ್ಪ ಅಲ್ಲೇ ಮಣ್ಣಲ್ಲಿ ಕೂತುಬಿಟ್ಟರು. "ಒಂದು ವೇಳೆ ಹಿಡಿಯಬಹುದೇನೋ ಅಂದ್ಕೊಂಡೆ ತಾಯಿ" ಅಂದರು. "ಹತ್ತು ವರ್ಷದವನಿದ್ದಾಗಲೇ ನಂದು ಹೋಯ್ತು. ನಮ್ಮವ್ವ ಹಾಲು ಒಲೆ ಮೇಲಿಟ್ಟು, ನೋಡ್ಕೊಂಡಿರು, ಉಕ್ಕಿಸಿದರೆ ಬರೆ ಹಾಕ್ತೀನಿ ಅಂದು ಹೊರಗೆ ಹೋಗಿದ್ದಳು. ನನಗೆ ಗೋಲಿ ಆಡೋಕೆ ಹೋಗಬೇಕಿತ್ತು." ಅರವತ್ತು ವರ್ಷ ಊರಿಗೆ ಊರನ್ನೇ ಹೆದರಿಸಿಟ್ಟಿದ್ದ ಮನುಷ್ಯ ಅದನ್ನ ಹೇಳಿ ಚಿಕ್ಕ ಹುಡುಗನ ಹಾಗೆ ಅತ್ತರು. ಬೇರೆ ದಿನ ಆಗಿದ್ದರೆ ನಾನು ಬಿದ್ದು ಬಿದ್ದು ನಗ್ತಿದ್ದೆ. ಅವತ್ತು ಥೂ ಅಂತ ಉಗಿದು ಬಾವಿ ಕಡೆ ತಿರುಗಿದೆ.

ನೀರು ಎದೆಗೆ ಬಂದಿತ್ತು. ಹನ್ನೊಂದು ವರ್ಷದಲ್ಲಿ ಅವನ ಜೊತೆ ಒಂದು ಮಾತಾಡಿರಲಿಲ್ಲ ನಾನು. "ಓಬಾ!" ಅಂದೆ.

"ಅಕ್ಕಾ? ನೀನಾ?"

"ನಾನೇ ಕಣೋ. ನಿನ್ನ ಮಾತು ಇದೆಯೇನೋ? ನೀನೇ ಆಡೋ, ಬಾವಿ ಕುಸಿಯಲ್ಲ ಅಂತ ಆಡೋ!"

"ಇಲ್ಲಕ್ಕ. ಆಗೋಯ್ತು."

"ಯಾವಾಗ ಕಳಕೊಂಡೆ ಮುಂಡೇದೇ? ಯಾವ ನಾಟಕದವಳಿಗೆ ಕೊಟ್ಟೆ?"

"ಅವತ್ತೇ. ನೀನು ಬಾಗಿಲು ಹಾಕಿದ ಮೇಲೆ, ಅಲ್ಲೇ ಜಗಲಿ ಕೆಳಗೆ ನಿಂತು ಅಂದೆ. ಇನ್ನು ನನ್ನಕ್ಕನ್ನ ಬಿಟ್ಟು ಈ ಊರಿಂದ ಹೋಗೋದು ನನಗೆ ಅಸಾಧ್ಯ ಅಂತ. ಅವ್ವ ಸತ್ತಾಗಲಂತೂ ಇರಲಿಲ್ಲ, ನಿನಗಾದರೂ ಇರೋಣ ಅಂತ."

ಅಯ್ಯೋ ದೇವರೇ. ಕಣ್ಣಿಗೆ ಮುಳ್ಳು ಅಂದ್ಕೊಂಡಿದ್ದೆನಲ್ಲ, ಅವನು ಕಾವಲು ಕೂತಿದ್ದ. ಬಾವಿಕಟ್ಟೆ ಮೇಲೆ ಬೋರಲು ಬಿದ್ದು ಅತ್ತೆ, ಅದಕ್ಕೂ ಒಂದು ಹಿಡಿ ಮಣ್ಣು ಜಾರಿ ಅವನ ತಲೆ ಮೇಲೇ ಬಿತ್ತು. ಯಾರೋ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ತಿರುಗಿ ನೋಡಿದರೆ ಚೌಡಪ್ಪ.

ಚೌಡಪ್ಪನ ಹತ್ತಿರ ಮಾತು ಇದೆ ಅಂತ ನನಗೆ ಗೊತ್ತಿತ್ತು. ಯಾಕೆ ಇಟ್ಟುಕೊಂಡಿದಾನೆ ಅಂತಲೂ ಗೊತ್ತಿತ್ತು, ಅದಕ್ಕೇ ಕೇಳಿರಲಿಲ್ಲ. ಅವನ ಮಗಳು ಚಂದ್ರಿ ಈಗ ಎಂಟು ತಿಂಗಳ ಬಸುರಿ. ಮೊದಲ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ, ರಕ್ತ ಹೋಗಿ ಹೋಗಿ ಅವಳು ಉಳಿದದ್ದೇ ಹೆಚ್ಚು. ಈ ಸಲ ರಕ್ತ ಹೋಗದ ಹಾಗೆ ಆ ಮಾತು ಆಡಿಬಿಡ್ತೀನಿ ಅಂತ ಅವನು ನನ್ನ ಗಿರಣಿಯಲ್ಲೇ ಕೂತು ಎಷ್ಟೋ ಸಲ ಹೇಳಿದ್ದ. ಹೇಗೆ ಆಡಬೇಕು, ಯಾವ ಪದ ಮೊದಲು ಬರಬೇಕು ಅಂತ ನನ್ನನ್ನೇ ಕೇಳಿದ್ದ.

"ದ್ಯಾಮಕ್ಕ, ಅವತ್ತು ನಾನು ಕ್ಯಾಂಪಿಗೆ ಹೋಗಲೇ ಇಲ್ಲ" ಅಂದ.

ನನಗೆ ಮೊದಲು ಅರ್ಥ ಆಗಲಿಲ್ಲ.

"ದಾರೀಲಿ ಮಾವನ ಮನೆ. ಹೋಳಿಗೆ ಊಟ ಇತ್ತು, ಕೂರಿಸಿದರು. ತಿಂದು ಮಲಗಿದೆ, ಎದ್ದಾಗ ಹೊತ್ತು ಇಳಿದಿತ್ತು. ನಿಮ್ಮವ್ವ ಇನ್ನೂ ವಾರ ಇರ್ತಾಳೆ, ನಾಳೆ ಹೋದರಾಯ್ತು ಅಂದ್ಕೊಂಡು ಬಂದು ಸುಳ್ಳು ಹೇಳಿಬಿಟ್ಟೆ. ಓಬನಿಗೆ ನಿಜವಾಗಲೂ ಗೊತ್ತಿರಲಿಲ್ಲ ಕಣಕ್ಕಾ. ಹನ್ನೊಂದು ವರ್ಷ ಅವನಿಗೆ ಟೀ ಕೊಡಿಸಿದೀನಿ, ನಿಜ ಹೇಳೋಕೆ ಒಂದು ದಿನಾನೂ ಬಾಯಿ ಬರಲಿಲ್ಲ."

ಅವನ ಕತ್ತು ಹಿಸುಕಬೇಕು ಅನ್ನಿಸಿತು. ಆ ಹೊತ್ತಿಗೆ ಕೆಳಗಿಂದ ಓಬನ ಕೆಮ್ಮು ಕೇಳಿಸಿತು, ನೀರು ಕುಡಿದವನ ಕೆಮ್ಮು. ಚೌಡಪ್ಪ ನನ್ನ ಬಿಟ್ಟು ಬಾವಿ ಅಂಚಿಗೆ ಓಡಿದ. ಕಣ್ಣು ಮುಚ್ಚಿ, ಎದೆ ತುಂಬಾ ಉಸಿರು ಎಳಕೊಂಡು, ಗಟ್ಟಿಯಾಗಿ, "ಓಬ ಸಾಯೋದು..." ಅಂತ ಶುರು ಮಾಡಿದ.

ಹಾರಿ ಹೋಗಿ ಅವನ ಬಾಯಿ ಮುಚ್ಚಿದೆ. "ಮೂಲೆಮನೆ ಅಜ್ಜನ್ನ ನೆನೆಸ್ಕೊಳ್ಳೋ ಮುಠ್ಠಾಳ! ಕಲ್ಲಿನಡಿ ಅಪ್ಪಚ್ಚಿಯಾಗಿ ನೂರು ವರ್ಷ ಬದುಕಬೇಕೇನೋ ಅವನು? ಓಬನ ಬಗ್ಗೆ ಆಡಬೇಡ. ಬಾವಿ ಬಗ್ಗೆ ಆಡು, ಬಾವಿ ಬಗ್ಗೆ!"

ನನ್ನ ಕೈ ಹಿಟ್ಟೆಲ್ಲ ಅವನ ಮೀಸೆಗೆ ಮೆತ್ತಿತ್ತು. ಕಣ್ಣು ಅಗಲ ಮಾಡಿ ನನ್ನನ್ನೇ ನೋಡಿದ. ಆ ನೋಟದಲ್ಲಿ ಚಂದ್ರಿ ಇದ್ದಳು, ನನಗೆ ಚೆನ್ನಾಗಿ ಕಂಡಿತು. ಬೇಡ, ಹೋಗು, ನಿನ್ನ ಮಗಳಿಗೆ ಇಟ್ಟುಕೋ ಅಂತ ಹೇಳೋಷ್ಟು ಒಳ್ಳೆಯವಳಲ್ಲ ನಾನು. ಒತ್ತಾಯ ಮಾಡಿದರೆ ಮಾತು ಹಿಡಿಯಲ್ಲ ಅಂತ ನೆನಪಾಗಿ ಕೈ ತೆಗೆದೆ, ಎರಡು ಹೆಜ್ಜೆ ಹಿಂದೆ ಸರಿದೆ. ತುಟಿ ಕಚ್ಚಿಕೊಂಡು ನಿಂತೆ. ಅವನು ತಲೆ ಬಗ್ಗಿಸಿದ.

"ಈ ಬಾವಿ ಇನ್ನು ಕುಸಿಯೋದು ಅಸಾಧ್ಯ" ಅಂದ. ಕೂಗಲಿಲ್ಲ, ಪಕ್ಕದವನಿಗೆ ಹೇಳೋ ಹಾಗೆ ಅಂದ.

ಸುರೀತಿದ್ದ ಮಣ್ಣು ನಿಂತಿತು. ಅರ್ಧ ಜಾರಿದ್ದ ಒಂದು ಕಲ್ಲು, ಬೀಳಲೇಬೇಕಾಗಿದ್ದ ಕಲ್ಲು, ಓರೆಯಾಗಿ ಹಾಗೇ ನಿಂತುಕೊಂಡಿತು. ಈಗಲೂ ಹಾಗೇ ಇದೆ, ಬೇಕಾದರೆ ಬಂದು ನೋಡಿ. ಗಾರೆ ಕೆಲಸದವರು ಮತ್ತೆ ಹಗ್ಗ ಕಟ್ಟಿಕೊಂಡು ಸರಸರ ಇಳಿದರು. ನೀರು ಗದ್ದಕ್ಕೆ ಬಂದಿದ್ದಾಗ ಹಾರೆ ಹಾಕಿ ಕಲ್ಲು ಎತ್ತಿದರು. ಮಧ್ಯಾಹ್ನದ ಹೊತ್ತಿಗೆ ಓಬ ಮೇಲೆ ಬಂದ, ಎಡಗಾಲು ಎರಡು ಕಡೆ ಮುರಿದಿತ್ತು, ತುಟಿ ನೀಲಿ. ಡಾಕ್ಟರು ಬಂದು ಪಟ್ಟಿ ಕಟ್ಟಿ, ಮೂರು ತಿಂಗಳು ಅಲ್ಲಾಡೋ ಹಾಗಿಲ್ಲ, ಬಿಸಿ ಬಿಸಿ ಏನಾದರೂ ಕುಡಿಸಿ ಅಂದರು.

ಚೌಡಪ್ಪ ಬಾವಿಕಟ್ಟೆ ಮೇಲೇ ಕೂತಿದ್ದ. ನಾನು ಹೋಗಿ ಅವನ ಕೆನ್ನೆಗೆ ಒಂದು ಬಿಟ್ಟೆ. ನಮ್ಮವ್ವನ ಲೆಕ್ಕದ್ದು ಅದು. ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. "ಚಂದ್ರಿಗೆ ನೋವು ಶುರುವಾದ ತಕ್ಷಣ ಬಂದು ಕರಿ" ಅಂದೆ. "ನನ್ನ ಹತ್ರ ಮಾತಿಲ್ಲ. ಎರಡು ಕೈ ಇದಾವೆ, ಬರ್ತೀನಿ. ಈ ಸಲ ದಾರೀಲಿ ಹೋಳಿಗೆ ತಿನ್ನೋಕೆ ಕೂರಬೇಡ." ಅವನು ಅಳ್ತಾ ತಲೆ ಆಡಿಸಿದ.

ಹಗ್ಗದ ಮಂಚದ ಮೇಲೆ ಓಬನ್ನ ಮಲಗಿಸಿ ನಾಲ್ಕು ಜನ ಹೊತ್ತು ತಂದರು. ನನ್ನ ಮನೆ ಮುಂದೆ ಬಂದಾಗ ಅವರ ಕಾಲು ತಾನಾಗಿ ನಿಧಾನ ಆಯ್ತು. ಊರಿಗೆಲ್ಲ ಗೊತ್ತಿರೋ ವಿಷಯ. ಒಬ್ಬ ಪ್ರಯತ್ನ ಮಾಡಿ ನೋಡೋಣ ಅಂದ, ಮಂಚದ ತಲೆಭಾಗ ಬಾಗಿಲ ತನಕ ಹೋಯ್ತು, ಹೊಸಿಲ ಹತ್ತಿರ ಗೋಡೆಗೆ ತಾಗಿದ ಹಾಗೆ ನಿಂತಿತು. "ಬಿಡ್ರಪ್ಪ, ಶೆಡ್ಡಿಗೇ ಕರಕೊಂಡು ಹೋಗಿ" ಅಂದ ಓಬ, ನನ್ನ ಮುಖ ನೋಡದೆ. ಅವರು ಬೀದಿ ಆಚೆ ತಿರುಗಿದರು.

"ಇಳಿಸ್ರೋ ಇಲ್ಲೇ" ಅಂದೆ. "ಎಲ್ಲಿ ಅಕ್ಕಾ?" ಅಂದರು. "ಇಲ್ಲೇ, ಬಾಗಿಲ ಮುಂದೆ, ಬೀದೀಲಿ."

ಒಳಗೆ ಹೋದೆ. ಮೊದಲು ನನ್ನ ಚಾಪೆ, ಕಂಬಳಿ ತಂದು ಮಂಚದ ಪಕ್ಕ ಹಾಕಿದೆ. ಆಮೇಲೆ ನೀರಿನ ಕೊಡ, ಅಕ್ಕಿ ಡಬ್ಬಿ, ಅವ್ವನ ಫೋಟೋ ತಂದೆ. ಕೊನೆಗೆ ಸ್ಟವ್ವು ಹೊತ್ತುಕೊಂಡು ಬಂದೆ. ಜನ ಸುತ್ತ ನಿಂತು ನೋಡ್ತಿದ್ದರು.

"ಅಕ್ಕಾ, ಇದೇನು ಮಾಡ್ತಿದೀಯ? ಮಳೆ ಬಂದರೆ?" ಅಂದ ಓಬ.

"ಬರಲಿ. ತಗಡು ಹಾಕಿಸೋಣ. ನೀನು ಒಳಗೆ ಬರೋದು ಆಗಲ್ಲ ಅಂದಿದ್ದೆ ಅಷ್ಟೇ. ನಾನು ಹೊರಗೆ ಬರಬಾರದು ಅಂತ ಯಾರು ಅಂದಿದ್ದರು? ಹನ್ನೊಂದು ವರ್ಷ ನನ್ನ ಮಂಡೆಗೆ ಹೊಳೀಲಿಲ್ಲ ನೋಡು."

ಅವನು ಕೈ ಚಾಚಿ ಅವ್ವನ ಫೋಟೋ ಎತ್ತಿ ಎದೆ ಮೇಲೆ ಇಟ್ಟುಕೊಂಡ. ಹಾಲಿನ ಪಾತ್ರೆ ಒಲೆ ಮೇಲಿಟ್ಟೆ. ನಮ್ಮೂರಲ್ಲಿ ಹಾಲು ಉಕ್ಕೋದಿಲ್ಲ, ಕಾಯ್ತಾ ಕೂರಬೇಕಾಗಿಲ್ಲ. ಒಲೆಗೆ ಬೆನ್ನು ಹಾಕಿ ತಮ್ಮನ ಮುಖ ನೋಡ್ತಾ ಕೂತೆ.